ಅಂಜನಮ್ಮ ಬಾವುಟ ನೋಡಿದ ಸಂಜೆ

ಯಾರ್ಯಾರೋ ಯಾರ್ಯಾರಿಗೋ ಅಭಿಮಾನಿಗಳಾಗಿರುತ್ತಾರೆ. ನಾನು ಮೂಡಲಪಾಳ್ಯದ ಅಂಜನಮ್ಮನಿಗೆ.

ಅಂಜನಮ್ಮ ಟೂರ್ ಬಸ್ಸಿನ ಅಡುಗೆಯವರು. ಅತ್ತಿಗುಪ್ಪೆಯಲ್ಲಿ ಚಿಕ್ಕದೊಂದು ಟೂರ್ ಆಫೀಸು ಇಟ್ಟುಕೊಂಡಿರುವ ಚನ್ನವೀರೇಶ್ ನಮ್ಮ ಕಡೆಯ ಜನರನ್ನು ಕೂಡಿಸಿ ಉತ್ತರ ಭಾರತಕ್ಕೆ ಕರೆದುಕೊಂಡು ಹೋಗುತ್ತಾರೆ. ಬಸ್ಸಿನ ಡಿಕ್ಕಿಯಲ್ಲಿ ಅಕ್ಕಿ, ಸಾರಿನ ಪುಡಿ, ಸ್ಟವ್ವು. ಹಿಂದಿನ ಸೀಟಿನಲ್ಲಿ ಅಂಜನಮ್ಮ. ಆರ್‌ಪಿಸಿ ಲೇಔಟಿನಿಂದ ನಾನೂ ನಮ್ಮಜ್ಜಿ ಜಯದೇವಿಯೂ ಹೋದ ವರ್ಷ ಈ ಬಸ್ಸು ಹತ್ತಿದ್ದೆವು.

ಅವರ ನಿದ್ದೆಯನ್ನು ನೀವು ನೋಡಬೇಕು. ಸುತ್ತ ಅಂತ್ಯಾಕ್ಷರಿ ಕಿರುಚಾಟ, ಟಿವಿಯಲ್ಲಿ ಫೈಟಿಂಗ್ ಸೀನು, ಲಾರಿಗಳ ಹಾರ್ನು, ಯಾವುದಕ್ಕೂ ಕಣ್ಣು ಬಿಡುವುದಿಲ್ಲ. ಆದರೆ ಡ್ರೈವರ್ ಇಂಜಿನ್ ಆಫ್ ಮಾಡಿದ ಅಂದುಕೊಳ್ಳಿ, ತಕ್ಷಣ ಎದ್ದು ಕೂತು, "ಗಾಡಿ ನಿಂತ್ತಾ? ಕಾಫಿ ಎಷ್ಟ್ ಜನಕ್ಕೆ?" ಎಂದು ಲೈಟರ್ ಹುಡುಕುತ್ತಾರೆ. ಬಸ್ಸು ನಿಂತರೆ ನಮಗೆ ಊರು ಸುತ್ತುವ ಹೊತ್ತು, ಅವರಿಗೆ ಒಲೆ ಹಚ್ಚುವ ಹೊತ್ತು.

ಹಾಗಾಗಿ ಇಷ್ಟು ವರ್ಷ ಇಡೀ ದೇಶ ಸುತ್ತಿಯೂ ಅವರು ಏನೂ ನೋಡಿಲ್ಲ. "ಕಾಶಿ ಅಂದ್ರೆ ನಂಗೆ ಒಂದು ಪೆಟ್ರೋಲ್ ಬಂಕ್ ಹಿಂದಿನ ನಲ್ಲಿ ಕಣಮ್ಮ ನಿಖಿತಾ. ಆಗ್ರಾ ಅಂದ್ರೆ ಪಾರ್ಕಿಂಗು, ಸೊಳ್ಳೆ," ಎಂದು ಬೀನ್ಸ್ ಹೆಚ್ಚುತ್ತಾ ಹೇಳಿದ್ದರು. ಹೇಳುವಾಗ ಬೇಜಾರೂ ಇರಲಿಲ್ಲ. ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿ ಉಳಿದಿರಲಿಲ್ಲ ಅನ್ನಿಸುತ್ತದೆ.

ಆದರೆ ಒಂದು ಆಸೆ ಇತ್ತು. ಅಮೃತಸರದ ಆಚೆ ಅಟ್ಟಾರಿ ಗಡಿಯಲ್ಲಿ ಸಂಜೆ ಎರಡೂ ದೇಶದವರು ಬಾವುಟ ಇಳಿಸುತ್ತಾರಲ್ಲ, ಅದನ್ನೊಮ್ಮೆ ನೋಡಬೇಕು. ಅಲ್ಲಿ ಒಳಗೆ ಬ್ಯಾಗು ಬಿಡುವುದಿಲ್ಲ. ಎಲ್ಲರೂ ಬ್ಯಾಗುಗಳನ್ನು ಬಸ್ಸಿನ ಹತ್ತಿರ ರಾಶಿ ಹಾಕಿ ಹೋಗುತ್ತಾರೆ, ಕಾಯುವುದು ಅಂಜನಮ್ಮ.

"ಅದನ್ನೇ ಯಾಕೆ ಆಂಟಿ?" ಎಂದು ಕೇಳಿದೆ.

"ಯಾವ್ ಊರಿಂದ ಬಂದ್ರೂ ಈ ಜನ ಏನೋ ಒಂದ್ ಕೊಂಕು ತೆಗೀತಾರೆ. ಸಾರಿಗೆ ಉಪ್ಪು ಕಮ್ಮಿ, ಅನ್ನ ಮುದ್ದೆ. ಅಲ್ಲಿಂದ ಬಂದೋರು ಮಾತ್ರ ಗಂಟ್ಲು ಕಟ್ಕೊಂಡು, ಕಣ್ಣು ಕೆಂಪು ಮಾಡ್ಕೊಂಡು ಬಂದು ಹಾಕಿದ್ದು ತಿಂದು ಏಳ್ತಾರೆ. ಅಂಥದ್ದು ಏನಿದೆ ಅಲ್ಲಿ? ನಾನೂ ನೋಡ್ಬೇಕು."

ಈ ಮಾತು ನಮ್ಮಜ್ಜಿಯ ಕಿವಿಗೆ ಬಿತ್ತು. ಅಜ್ಜಿ ದಾವಣಗೆರೆಯವರು, ಮನಸ್ಸಿನಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಅಮೃತಸರಕ್ಕೆ ಬಂದಿಳಿದ ಸಂಜೆಯೇ ಚನ್ನವೀರೇಶರನ್ನು ಹಿಡಿದರು.

"ಏ ಚನ್ನವೀರೇಶ, ನಾಳೆ ಬ್ಯಾಗು ನಾ ಕಾಯ್ತೀನಿ. ನನ್ ಮೊಣಕಾಲು ಆ ಮೆಟ್ಲೆಲ್ಲ ಹತ್ತಲ್ಲ. ಈಯಮ್ಮನ್ನ ಕರ್ಕಂಡು ಹೋಗು."

"ಅಯ್ಯೋ ಅಜ್ಜಿ, ಇವ್ರು ಬಂದ್ರೆ ಊಟ ಲೇಟಾಗುತ್ತೆ. ಬಸ್ಸಿನ ಜನ ನನ್ನೇ ತಿಂದ್ಬಿಡ್ತಾರೆ."

"ತಿನ್ಲಿ ಬಿಡು, ಊಟ ಬರೋತಂಕ ಏನರ ಬೇಕಲ್ಲ."

ಚನ್ನವೀರೇಶರಿಗೆ ನಗು ತಡೆಯಲಾಗಲಿಲ್ಲ. ಅಂಜನಮ್ಮ ಅದೇ ಸಮಯ ನೋಡಿ, "ತರಕಾರಿ ಹೆಚ್ಚಿ, ಬೇಳೆ ಬೇಯ್ಸಿ ಇಟ್ಟಿರ್ತೀನಿ ಸಾರ್. ಬಂದ್ ತಕ್ಷಣ ಕುದ್ಸಿ ಒಗ್ಗರಣೆ ಹಾಕೋದಷ್ಟೇ," ಎಂದರು. ಒಪ್ಪಿಗೆ ಸಿಕ್ಕಿತು.

ಮಾರನೇ ದಿನ ನಾವು ಏಳುವ ಹೊತ್ತಿಗೆ ಅಂಜನಮ್ಮ ಎರಡು ಹೊತ್ತಿನ ಕೆಲಸ ಮುಗಿಸಿದ್ದರು. ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ಆದರೂ ಮಧ್ಯಾಹ್ನ ಹೊಸ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಚ್ಚಿಕೊಂಡು ತಯಾರಾದರು. ಬಸ್ಸಿನ ಪಕ್ಕ ಬ್ಯಾಗುಗಳ ನಡುವೆ ಅಜ್ಜಿಯನ್ನು ಕೂರಿಸಿ, ಹೊದಿಯಲು ಶಾಲು ಕೊಟ್ಟು ಹೊರಟೆವು. ನಡೆದು ನಡೆದು, ತಪಾಸಣೆಯ ಸಾಲುಗಳಲ್ಲಿ ನಿಂತು ನಿಂತು, ಕೊನೆಗೂ ಮೆಟ್ಟಿಲ ಮೇಲೆ ಜಾಗ ಸಿಕ್ಕಿತು.

ಕೂತ ಮೇಲೆ ಅಂಜನಮ್ಮ ಕೇಳಿದ ಮೊದಲ ಪ್ರಶ್ನೆ, "ಕಾಲು ಚಾಚ್ಬೋದಾ ಇಲ್ಲಿ?"

"ಚಾಚಿ ಆಂಟಿ."

"ಬಾವುಟ ಯಾವಾಗ ಇಳ್ಸೋದು?"

"ಸೂರ್ಯ ಮುಳುಗೋ ಹೊತ್ಗೆ."

"ಅಲ್ಲೀವರ್ಗೂ ಸುಮ್ನೆ ಕೂತ್ಕೊಳ್ಳೋದಾ?" ಎಂದರು, ನಂಬಿಕೆಯೇ ಬಾರದವರ ಹಾಗೆ.

ಅಷ್ಟೇ. ಸ್ವಲ್ಪ ಹೊತ್ತಿಗೆ ಅವರ ತಲೆ ನನ್ನ ಭುಜದ ಮೇಲಿತ್ತು.

ಸ್ಪೀಕರುಗಳಲ್ಲಿ ಹಾಡು ಮೊಳಗಿತು. ಹೆಂಗಸರು ಬಾವುಟ ಹಿಡಿದು ರಸ್ತೆಯಲ್ಲಿ ಓಡಿದರು. ಸಾವಿರಾರು ಜನ ಒಟ್ಟಿಗೆ ಜೈಕಾರ ಕೂಗಿದಾಗ ಕೂತಿದ್ದ ಕಲ್ಲು ನಡುಗಿದ ಹಾಗಾಯಿತು. ಕೆಂಪು ತುರಾಯಿಯ ಸೈನಿಕರು ಬಂದು ಕಾಲನ್ನು ಹಣೆಯವರೆಗೆ ಎತ್ತಿ ನೆಲಕ್ಕೆ ಅಪ್ಪಳಿಸಿದರು. ಅಂಜನಮ್ಮ ಮಾತ್ರ ಗೊರಕೆ ಹೊಡೆಯುತ್ತಿದ್ದರು.

"ಆಂಟಿ! ಬಂದ್ರು ನೋಡಿ! ಆಂಟಿ!" ಎಂದು ಅಲುಗಾಡಿಸಿದೆ. "ಹ್ಞೂಂ," ಎಂದು ಇನ್ನಷ್ಟು ಒರಗಿದರು.

ಹಿಂದಿನ ಮೆಟ್ಟಿಲಿಂದ ಚನ್ನವೀರೇಶ್ ಬಗ್ಗಿ, "ಏಳ್ಸಮ್ಮ, ಇದಕ್ಕೋಸ್ಕರಾನೇ ಅಲ್ವಾ ಬಂದಿದ್ದು," ಎಂದರು.

"ಏಳ್ತಾ ಇಲ್ಲ ಅಂಕಲ್. ಇನ್ನೊಂದ್ ಟ್ರಿಪ್ಪಲ್ಲಿ ಒಳಗ್ ಬಿಡ್ತೀರಾ ಇವ್ರನ್ನ?"

ಅವರು ಮೊಬೈಲಿನಲ್ಲಿ ವಿಡಿಯೊ ಮಾಡುವುದಕ್ಕೆ ಶುರುಮಾಡಿದರು.

ನನಗೆ ಅಳುವೇ ಬಂತು. ಸೈನಿಕರು ಹಗ್ಗ ಬಿಚ್ಚುತ್ತಿದ್ದರು. ಇನ್ನೇನು ಮುಗಿದೇ ಹೋಗುತ್ತದೆ. ಅಷ್ಟರಲ್ಲಿ ಕೆಳಗೆ ಘೋಷಣೆ ಕೂಗಿಸುತ್ತಿದ್ದವನು ಎರಡೂ ಕೈ ಎತ್ತಿ ತಡೆದ. ಸ್ಪೀಕರು ನಿಂತಿತು, ಜನ ಬಾಯಿ ಮುಚ್ಚಿದರು. ಕಹಳೆಯೊಂದನ್ನು ಬಿಟ್ಟರೆ ಎಲ್ಲ ಮೌನ.

ಅಂಜನಮ್ಮ ಧಡಕ್ಕನೆ ಎದ್ದು ಕೂತರು. "ಗಾಡಿ ನಿಂತ್ತಾ?"

ಕೈ ಲೈಟರಿಗಾಗಿ ತಡಕಾಡಿ ನನ್ನ ಮಂಡಿಗೆ ತಾಗಿತು. ನಾನು ಆ ಕೈಯನ್ನು ಹಿಡಿದು ಎದುರಿಗೆ ತೋರಿಸಿದೆ.

ಎರಡೂ ದೇಶದ ಬಾವುಟಗಳು ಇಳಿಯುತ್ತಿದ್ದವು. ಒಂದು ಮೇಲೆ, ಒಂದು ಕೆಳಗೆ ಆಗದ ಹಾಗೆ, ಒಂದೇ ಹದದಲ್ಲಿ. ಅಂಜನಮ್ಮ ನನ್ನ ಭುಜ ಹಿಡಿದು ಎದ್ದು ನಿಂತರು. ಜೈ ಎನ್ನಲಿಲ್ಲ, ಫೋಟೊ ತೆಗೆಯಿರಿ ಎನ್ನಲಿಲ್ಲ. ಬಾವುಟ ಕೈಗೆ ಬರುವವರೆಗೂ ನೋಡಿದರು, ಮಡಿಸುವುದನ್ನೂ ನೋಡಿದರು.

"ಎಷ್ಟು ನಿಧಾನಕ್ಕೆ ಇಳ್ಸಿದ್ರಲ್ಲ," ಎಂದರು. ಆಮೇಲೆ, "ದಿನಾ ಇದೇನಾ ಅವ್ರಿಗೆ?"

"ದಿನಾ ಆಂಟಿ."

"ಪಾಪ. ಬೆಳಗ್ಗೆ ಎದ್ದು ಮತ್ತೆ ಏರ್ಸ್ಬೇಕು," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಪೌಡರ್ ಎಲ್ಲ ಹೋಯಿತು.

ಲಾಡ್ಜಿನ ಟೆರೇಸಿನ ಮೇಲೆ ಒಲೆ ಹತ್ತಿತು, ಸಾರು ಕುದಿಯಿತು, ಒಗ್ಗರಣೆ ಬಿತ್ತು. ಎಲ್ಲರೂ ಜೈಕಾರ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಕೂತಿದ್ದರು. ಹಾಕಿದ್ದನ್ನು ಸುಮ್ಮನೆ ಉಂಡರು, ನಾನೂ ಉಂಡೆ. ಸಂಜೆಯೆಲ್ಲ ಪಾರ್ಕಿಂಗಿನಲ್ಲಿ ಬ್ಯಾಗು ಕಾದು, ಸೊಳ್ಳೆ ಕಚ್ಚಿಸಿಕೊಂಡು ಬಂದಿದ್ದ ನಮ್ಮಜ್ಜಿ ಮಾತ್ರ ಒಂದು ತುತ್ತಿಗೇ ಮುಖ ಹಿಂಡಿದರು.

"ಅಲ್ಲವ್ವ ಅಂಜನಮ್ಮ, ಸಾರಿಗೆ ಉಪ್ಪೇ ಹಾಕಿಲ್ಲಲ್ಲ!"

ಅಂಜನಮ್ಮ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದರು. ಉಣ್ಣುತ್ತಿದ್ದ ಸಾಲನ್ನೊಮ್ಮೆ ನೋಡಿದರು. ಆ ಟೂರಿನಲ್ಲಿ ನಾನು ಮೊದಲ ಸಲ ಅವರ ನಗು ಕಂಡೆ.

"ನಿಮ್ಮನ್ನ ಬ್ಯಾಗ್ ಕಾಯಕ್ಕೆ ಕೂರ್ಸಿ ಹೋಗಿದ್ದೇ ತಪ್ಪಾಯ್ತು ಅಜ್ಜಿ," ಎಂದು ಮಂಡಿಗೆ ಕೈಯೂರಿ ಎದ್ದು, ಉಪ್ಪಿನ ಡಬ್ಬಿ ತರಲು ಹೋದರು.