ಹೇಳಿಕೊಟ್ಟರೆ ಮಾತಾಡುವ ಭಾವ

ನಮ್ಮ ಭಾವನನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಮಗಳ ಮಾತು ಕೇಳಿ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕುಸಿಯುವ ಶ್ರೀಮಂತ ಅಪ್ಪ ಅವರೇ. ಧಾರಾವಾಹಿ ಬದಲಾದರೂ ಮೆಟ್ಟಿಲು ಬದಲಾಗುತ್ತಿರಲಿಲ್ಲ. ಶೂಟಿಂಗಿಗೆ ಬಾಡಿಗೆಗೆ ಸಿಗುತ್ತಿದ್ದ ಬಂಗಲೆ ಅದೊಂದೇ. ತರಕಾರಿ ಅಂಗಡಿಯವಳು ಅವರಿಗೆ ‘ಎದೆನೋವು’ ಎಂದೇ ಹೆಸರಿಟ್ಟಿದ್ದಳು. ಹಲ್ಲುನೋವಿಗೆ ಮಾತ್ರೆ ಕೇಳಲು ಹೋದರೆ ಔಷಧಿ ಅಂಗಡಿಯವನು, “ನಿಮ್ಮ ಹಾರ್ಟಿಗೆ ಇದು ಆಗುತ್ತೋ ಇಲ್ವೋ, ಡಾಕ್ಟರನ್ನ ಕೇಳ್ಕೊಂಡು ಬನ್ನಿ ಸಾರ್” ಎಂದು ವಾಪಸ್ ಕಳಿಸಿದ್ದ.

ಅಕ್ಕ ಮದುವೆಯಾಗಿದ್ದು ಈ ಕುಸಿಯುವ ಮನುಷ್ಯನನ್ನಲ್ಲ, ನಾಟಕದ ನಟನನ್ನು. ಆಗ ಅವರ ದನಿಗೆ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿ ಎದ್ದು ಕೂರುತ್ತಿದ್ದರು. ಇಡೀ ನಾಟಕ, ಎದುರಿನವರ ಮಾತೂ ಸೇರಿ, ನಾಲಿಗೆಯ ತುದಿಯಲ್ಲಿರುತ್ತಿತ್ತು.

ಟಿವಿಗೆ ಹೋದ ಮೇಲೆ ಬಾಯಿಪಾಠದ ಗೋಜೇ ತಪ್ಪಿತು. ಅಲ್ಲಿ ಕ್ಯಾಮೆರಾದ ಪಕ್ಕ ಸಹಾಯಕ ನಿರ್ದೇಶಕಿ ಹಾಳೆ ಹಿಡಿದು ನಿಂತು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾಳೆ, ನಟರು ಅದನ್ನೇ ತಿರುಗಿ ಒಪ್ಪಿಸುತ್ತಾರೆ. ಅವಳ ದನಿಯನ್ನು ಆಮೇಲೆ ಡಬ್ಬಿಂಗಿನಲ್ಲಿ ತೆಗೆದುಹಾಕುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದು ಭಾವನಿಗೆ ಮನೆಯಲ್ಲೂ ಅದೇ ಚಾಳಿ ಅಂಟಿತು. ಬಾಗಿಲಿಗೆ ಯಾರಾದರೂ ಬಂದರೆ ಸುಮ್ಮನೆ ನಿಂತುಬಿಡುವರು. ಅಕ್ಕ ಒಳಗಿನಿಂದ “ಒಳಗೆ ಬನ್ನಿ ಅನ್ನಿ” ಎನ್ನಬೇಕು. ಆಗ “ಒಳಗೆ ಬನ್ನಿ” ಎಂದು ಬಲು ಪ್ರೀತಿಯಿಂದ ಹೇಳುವರು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ.

ಕಡೆಯ ಧಾರಾವಾಹಿಯಲ್ಲಿ ಅವರನ್ನು ಕೋಮಾಕ್ಕೆ ತಳ್ಳಿದರು. ತಿಂಗಳುಗಟ್ಟಲೆ ಸೆಟ್ಟಿನ ಆಸ್ಪತ್ರೆಯಲ್ಲಿ ಮಲಗಿಯೇ ದುಡಿದರು. ಒಮ್ಮೆ ನಿಜವಾಗಿಯೇ ಗೊರಕೆ ಹೊಡೆದು, ಅಳುತ್ತಿದ್ದ ಮಗಳ ಪಾತ್ರದವಳನ್ನು ನಗಿಸಿ ಬೈಸಿಕೊಂಡರು. ಕೊನೆಗೆ ಸಾಯಿಸಿದರು. ಆಮೇಲೆ ಯಾರೂ ಕರೆಯಲಿಲ್ಲ, ಭಾವ ಮಂಕಾದರು.

ಆಗ ಫೋನ್ ಮಾಡಿದವರು ಹಳೆಯ ನಾಟಕ ತಂಡದ ಮೇಷ್ಟ್ರು. “ಮುಖ್ಯ ಪಾತ್ರ ಇದೆ ಕಣಯ್ಯಾ. ಆದ್ರೆ ನನ್ನ ಸ್ಟೇಜಲ್ಲಿ ಹೇಳಿಕೊಡೋರು ಇರಲ್ಲ. ಮಾತು ಮರೆತು ನಿಂತ್ಯೋ, ಪಾತ್ರ ಬೇರೆಯವರಿಗೆ. ಆಗುತ್ತಾ?”

ಭಾವ ಅಕ್ಕನ ಮುಖ ನೋಡಿದರು.

“ಆಗುತ್ತೆ ಅನ್ನಿ” ಎಂದಳು ಅಕ್ಕ.

“ಆಗುತ್ತೆ” ಎಂದರು ಭಾವ.

ಅಂದಿನಿಂದ ಅಡುಗೆಮನೆಯೇ ರಂಗಮಂದಿರ. ಮನೆ ಬಿಟ್ಟು ಹೋದ ಗಂಡ ಮುದುಕನಾಗಿ ಹಿಂತಿರುಗುವ ಕಥೆ. ಹೆಂಡತಿಯ ಪಾತ್ರಕ್ಕೆ ಅಕ್ಕ. ಈರುಳ್ಳಿ ಹೆಚ್ಚುತ್ತಿದ್ದುದರಿಂದ ಕಣ್ಣೀರಿಗೂ ಬರವಿರಲಿಲ್ಲ. ಭಾವ ಹಟ ಹಿಡಿದು ಉರು ಹೊಡೆದರು. ಎಲ್ಲ ಬಂತು, ಕೊನೆಯ ದೃಶ್ಯದ ಒಂದು ಮಾತು ಬಿಟ್ಟು: “ದಾರಿ ತಪ್ಪಿದ್ದು ಗೊತ್ತಾಗಿತ್ತು. ತಿರುಗಿ ಬರೋಕೆ ನಾಚಿಕೆಯಾಯ್ತು.” ಅಲ್ಲಿಗೆ ಬಂದರೆ ಬಾಯಿ ಕಟ್ಟುತ್ತಿತ್ತು. ಅಕ್ಕ ತಡೆಯಲಾರದೆ “ದಾರಿ...” ಎಂದುಬಿಡುವಳು. ಕೆಡಿಸಿದ್ದು ಅವಳೇ ಎಂದು ನಾನು ಇಂದಿಗೂ ಹೇಳುತ್ತೇನೆ.

ಮೊದಲ ಪ್ರದರ್ಶನದಲ್ಲಿ ಮೂರನೆಯ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ನಾನು. ಭಾವನ ದನಿ ಕೊನೆಯ ಸಾಲಿನವರೆಗೂ ಸಲೀಸಾಗಿ ಹೋಗುತ್ತಿತ್ತು. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು. ಕೊನೆಯ ದೃಶ್ಯ ಬಂತು. ಭಾವ ಬಾಯಿ ತೆರೆದರು, ಏನೂ ಹೊರಡಲಿಲ್ಲ. ಪರದೆಯ ಮರೆಯಲ್ಲಿ ಮೇಷ್ಟ್ರು ಎದ್ದು ನಿಂತದ್ದು ಕಾಣಿಸಿತು. ಅಕ್ಕ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಭಾವ ರಂಗದ ಮೇಲಿನ ಹೆಂಡತಿಯನ್ನು ಬಿಟ್ಟು ನಮ್ಮತ್ತ ತಿರುಗಿದರು. “ನೀನೇ ಹೇಳು. ನೀನು ಹೇಳಿಕೊಡದೆ ನಾನು ಯಾವತ್ತು ಮಾತಾಡಿದ್ದೀನಿ?”

“ದಾರಿ ತಪ್ಪಿದ್ದು ಗೊತ್ತಾಗಿತ್ತು ಅನ್ನಿ” ಎಂದು ಅಕ್ಕ ಕೂತಲ್ಲಿಂದಲೇ ಗದರಿದಳು.

ಭಾವ ಪೂರ್ತಿ ಹೇಳಿದರು. ಇದೂ ನಾಟಕದಲ್ಲಿದ್ದದ್ದೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಲೆ ಕೆರೆದುಕೊಂಡು, “ಇನ್ಮೇಲೆ ಎಲ್ಲಾ ಶೋಗೂ ಬಾಮ್ಮಾ. ಅದೇ ಕುರ್ಚಿ” ಎಂದರು. ಪಾತ್ರ ಉಳಿಯಿತು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಇವತ್ತು ನನ್ನ ಡೈಲಾಗಿಗೆ ಚಪ್ಪಾಳೆ ಕಮ್ಮಿ” ಎಂದು ಪ್ರೇಕ್ಷಕರ ಮೇಲೆಯೇ ಸಿಡುಕುವಷ್ಟು ದೊಡ್ಡ ನಟಿಯಾದಳು.

ಒಂದು ಪ್ರದರ್ಶನದ ದಿನ ಅವಳಿಗೆ ಜ್ವರ. ಅವಳ ಕುರ್ಚಿಯಲ್ಲಿ ನಾನು ಕೂತೆ, ಆ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ. ಸಮಯಕ್ಕೆ ಸರಿಯಾಗಿ ನಾನೂ ಮರೆತೆ. ಭಾವ ಕುರ್ಚಿಯತ್ತ ನೋಡಿದರು, ನನ್ನ ಪೆಚ್ಚುಮೋರೆ ಕಂಡಿತು. ನಿಧಾನವಾಗಿ ರಂಗದ ಹೆಂಡತಿಯತ್ತ ತಿರುಗಿ, ಆ ಮಾತನ್ನು ತಾವೇ ಹೇಳಿದರು. ನನ್ನ ಕಣ್ಣು ಒದ್ದೆಯಾಯಿತು.

ಮರುದಿನ ಬೆಳಗ್ಗೆ ನಾನು ಇದನ್ನೆಲ್ಲ ಊದಿ ಊದಿ ವರ್ಣಿಸಿದೆ. ಕಂಬಳಿ ಹೊದ್ದು ಕೂತಿದ್ದ ಅಕ್ಕ ಮೊದಲು ಹಿಗ್ಗಿದಳು, ಆಮೇಲೆ ಮುಖ ಚಿಕ್ಕದಾಯಿತು.

“ಹಾಗಾದ್ರೆ ಇನ್ನು ನಾನು ಬರೋದು ಬೇಡ.”

ಭಾವ ಕಾಫಿ ಲೋಟ ಹಿಡಿದು ನಿಂತೇ ಇದ್ದರು, ಎಂದಿನಂತೆ ಕಾಯುತ್ತಾ. ಅಕ್ಕ ಹೇಳಿಕೊಡಲಿಲ್ಲ. ಗೋಡೆಯತ್ತ ನೋಡುತ್ತಾ ಕೂತಳು. ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿಕೊಂಡೆ.

“ಬೇಕು” ಎಂದರು ಭಾವ, ಕೊನೆಗೆ. “ಮಾತಿಗಲ್ಲ. ಆ ಕುರ್ಚೀಲಿ ನೀನಿಲ್ದಿದ್ರೆ ನಾನು ಯಾರಿಗೆ ಅಂತ ಹೇಳ್ಲಿ?”

ಅಕ್ಕ ಮೂಗು ಒರೆಸಿಕೊಂಡಳು.

“ಒನ್ಸ್ ಮೋರ್” ಎಂದಳು.