ಸಾರಿಗೆ ಹಾಕಿದ ಕರಂಬಲ

ದೇವಬಾಗದ ಬೇಬಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಮದುವೆಯಾಗಿ ಬಂದ ವರ್ಷವೇ ಮೀನಿನ ಬುಟ್ಟಿ ಹೊತ್ತು ಚಿತ್ತಾಕುಲದ ಮನೆಮನೆ ತಿರುಗಿದವಳು, ಇವತ್ತಿಗೂ ಚಹಾ ನಿಂತೇ ಕುಡಿಯುತ್ತಾಳೆ. ಅಂಥವಳನ್ನು ಆ ಬುಧವಾರ ಕಾರವಾರದ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಗಂಡ ತುಳಸಿದಾಸನ ರಕ್ತದ ವರದಿ ಬರಬೇಕಿತ್ತು.

ತುಳಸಿದಾಸ ದೋಣಿಯ ಇಂಜಿನ್ ನೋಡಿಕೊಳ್ಳುವವ. ಮಳೆಗಾಲಕ್ಕೆ ಮೊದಲು ಕತ್ತಿನಲ್ಲಿ ಗಂಟು ಎದ್ದು, ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರು ಅವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ್ದರು. ಮೈಯ ಪ್ರತಿ ಜೀವಕಣಕ್ಕೂ ಅವಧಿ ಮುಗಿದಾಗ ತಾನಾಗಿ ಸಾಯುವ ಏರ್ಪಾಡಿದೆ. ಕಣದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಇಂಜಿನ್‌ಗಳಿವೆ. ಕೆಲವು ಪ್ರೋಟೀನುಗಳು ಅವುಗಳ ಗೋಡೆಗೆ ತೂತು ಹೊಡೆಯುತ್ತವೆ. ಒಳಗಿನದು ಸೋರಿತೆಂದರೆ ಕಣದ ಕತೆ ಮುಗಿಯಿತು. ಬಿಸಿಎಲ್-ಟು ಎಂಬ ಇನ್ನೊಂದು ಪ್ರೋಟೀನು ತೂತು ಹೊಡೆಯುವವರನ್ನು ಹಿಡಿದು ತಡೆಯುತ್ತದೆ. ತುಳಸಿದಾಸನ ಕೆಟ್ಟ ಕಣಗಳಲ್ಲಿ ಈ ತಡೆಯುವ ಪ್ರೋಟೀನೇ ವಿಪರೀತ, ಹಾಗಾಗಿ ಅವು ಸಾಯುವುದನ್ನೇ ಬಿಟ್ಟಿವೆ. ಅವನಿಗೆ ಕೊಡುವ ಮಾತ್ರೆ ಅದರ ಹಿಡಿತ ಬಿಡಿಸುತ್ತದೆ, ಆಗ ಅವು ಸಾಯುತ್ತವೆ.

"ಹಾಂಗಾರೆ ಎಲ್ಲಾ ಒಂದೇ ಸಲ ಸತ್ರೆ?" ಎಂದು ಬೇಬಿ ಆಗಲೇ ಕೇಳಿದ್ದಳು.

"ಅದೇ ಭಯ ಅಮ್ಮಾ. ಸತ್ತ ಕಣಗಳ ಕಸ ಮೂತ್ರಪಿಂಡ ಕೆಡಿಸ್ತದೆ, ಹೃದಯವನ್ನೂ ನಿಲ್ಲಿಸಬಹುದು. ಅದಕ್ಕೇ ವಾರವಾರ ಸ್ವಲ್ಪ ಸ್ವಲ್ಪವೇ ಏರಿಸೋದು."

ಕೆಲವು ಹಣ್ಣು ತಿನ್ನಬಾರದು ಎಂದೂ ಹೇಳಿದ್ದರು. ಬೇಬಿ ಬಾಳೆಹಣ್ಣನ್ನೂ ಹೊಸ್ತಿಲು ದಾಟಿಸಿರಲಿಲ್ಲ.

ಈ ದಿನ ಮಾತ್ರೆ ಇಮ್ಮಡಿ ಆಗಬೇಕಿತ್ತು. ಬೇಬಿ ಎದ್ದು ಅತ್ತಿತ್ತ ಅಲೆಯುವಾಗ ಗೋಡೆಯ ಚಿತ್ರ ಕಣ್ಣಿಗೆ ಬಿತ್ತು. ದಪ್ಪ ಕಿತ್ತಳೆಗಳ ಪಕ್ಕದಲ್ಲಿ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಐದು ಏಣಿನ ಕರಂಬಲ, ಅದರ ಮೇಲೆ ಕೆಂಪು ಗೀಟು.

"ಮನಿಷಾ, ಎಂತಾ ಬರ್ದಾರೆ ನೋಡು."

ಮಗಳು ಓದಿದಳು. ಈ ಹಣ್ಣು ಹೊಟ್ಟೆಗೆ ಹೋದರೆ ಅಪ್ಪನ ಮಾತ್ರೆಯ ಮದ್ದು ಮೈಯಲ್ಲಿ ಕರಗಿ ಹೋಗದೆ ರಕ್ತದಲ್ಲೇ ಹೆಚ್ಚುತ್ತಾ ಹೋಗುತ್ತದಂತೆ.

ಬೇಬಿ ಚಿತ್ರಕ್ಕೆ ಇನ್ನೂ ಹತ್ತಿರ ಹೋಗಿ ನೋಡಿದಳು, ಕರಂಬಲವೇ. ಸಪ್ಪೆ ಊಟ ಸೇರದೆ ಗಂಡ ತಾಟು ನೂಕುತ್ತಿದ್ದನೆಂದು ನಾಲ್ಕು ದಿನದಿಂದ ಬಂಗಡೆ ಸಾರಿಗೆ ಹಿತ್ತಲ ಕರಂಬಲ ಹೆಚ್ಚಿ ಹಾಕುತ್ತಿದ್ದಳು. ಅದನ್ನು ಅವಳು ಎಂದೂ ಹಣ್ಣೆಂದು ಎಣಿಸಿದವಳಲ್ಲ. ಅದು ಸಾರಿನ ಹುಳಿ, ಅಷ್ಟೇ.

"ಆಯಿ, ಸುಮ್ನಿರು," ಮನಿಷಾ ಪಿಸುಗುಟ್ಟಿದಳು. "ಹೇಳಿದ್ರೆ ಮಾತ್ರೆನೇ ನಿಲ್ಲಿಸ್ತಾರೆ. ಗಂಟು ಈಗಷ್ಟೇ ಇಳೀತಾ ಉಂಟು."

ನಿಲ್ಲಿಸಿದರೆ ಗಂಟು ಮತ್ತೆ ಎದ್ದೀತು. ಹೇಳದಿದ್ದರೆ ಈಗಲೇ ಎರಡರಷ್ಟು ನುಂಗಿಸುತ್ತಾರೆ. ಬೇಬಿ ಕೂತಳು, ಎದ್ದಳು, ಸೆರಗಿನ ತುದಿ ತಿರುಚಿದಳು. ಆಮೇಲೆ ಗಂಡನನ್ನು ಮಲಗಿಸಿದ್ದ ಡಾಕ್ಟರ ಕೋಣೆಯ ಬಾಗಿಲು ನೂಕಿದಳು.

"ಇನ್ನೂ ಹೆಸ್ರು ಕರೀಲಿಲ್ಲಾ ಅಮ್ಮಾ," ಎಂದಳು ನರ್ಸ್ ಚಂಪಾ.

"ಕರೀದಿದ್ರೂ ಬಂದೆ," ಎಂದವಳೇ ಬೇಬಿ ಎಲ್ಲವನ್ನೂ ಹೇಳಿಬಿಟ್ಟಳು.

ತುಳಸಿದಾಸ ನಕ್ಕ. "ಇಷ್ಟು ವರ್ಷಕ್ಕೆ ಒಂದು ಸಾರು ಬಾಯಿಗೆ ಹಿಡೀತು. ಅದ್ರಲ್ಲೂ ವಿಷ ಹಾಕಿದ್ಯೇನೆ?"

ಡಾಕ್ಟರು ನಗಲಿಲ್ಲ. ವರದಿಯನ್ನು ಮತ್ತೊಮ್ಮೆ ನೋಡಿದರು. "ಸತ್ತ ಕಣಗಳಿಂದ ಸೋರಿದ ಪೊಟ್ಯಾಸಿಯಂ ಅಪಾಯದ ಗಡಿ ಹತ್ರ ಬಂದದೆ. ನೀವು ಹೇಳದಿದ್ರೆ ನಾನು ಏರಿಸಿಬಿಡ್ತಿದ್ದೆ. ಇವತ್ತು ಮಾತ್ರೆ ಬೇಡ. ಸಲೈನ್ ಹಾಕುವಾ, ಸಂಜೆ ಮತ್ತೆ ರಕ್ತ ನೋಡುವಾ. ಇಳಿದ್ರೆ ಮೂರು ದಿನ ಬಿಟ್ಟು ಹಳೇ ಪ್ರಮಾಣದಿಂದ ಶುರು."

"ಇಳೀದಿದ್ರೆ?" ಎಂದಳು ಹಿಂದೆಯೇ ಒಳಬಂದ ಮನಿಷಾ. ಡಾಕ್ಟರು ಆಗಲೇ ಚಂಪಾಳಿಗೆ ಸಲೈನ್ ತರಲು ಹೇಳುತ್ತಿದ್ದರು.

ಸಂಜೆಯವರೆಗೆ ಬೇಬಿ ಗಂಡನಿಗೆ ಲೋಟದ ಮೇಲೆ ಲೋಟ ನೀರು ಕುಡಿಸಿದಳು. ಐದೂವರೆಗೆ ಚಂಪಾ ಬಂದು, "ಇಳಿದದೆ ಅಮ್ಮಾ" ಎಂದಳು.

"ಇನ್ನೊಂದ್ಸಲ ಹೇಳು."

"ಇಳಿದದೆ ಅಂದ್ನಲ್ಲಾ."

ಬೇಬಿ ತಲೆಯಾಡಿಸಿದಳು. ಆದರೆ ಮಾತ್ರೆ ಇಲ್ಲದ ಮೂರು ದಿನದಲ್ಲಿ ಆ ಕೆಟ್ಟ ಕಣಗಳು ಏನು ಮಾಡಿಯಾವು? ಗಂಡನ ಕತ್ತಿಗೆ ಕೈ ಹಾಕಿ ಗಂಟನ್ನು ಒತ್ತಿ ನೋಡಿದಳು.

"ಬಿಡೇ, ಕಚಗುಳಿ ಆಗ್ತದೆ," ಎಂದ ತುಳಸಿದಾಸ.

ಬೇಬಿ ಕೈ ತೆಗೆಯಲಿಲ್ಲ.