ಫ್ರಿಜ್ಜಿನಲ್ಲಿದ್ದ ಟ್ಯುಲಿಪ್ ಗಡ್ಡೆಗಳು

ನಿನ್ನೆ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆರೆದರೆ ಗಪ್ಪೆಂದು ಬಾಳೆಹಣ್ಣಿನ ವಾಸನೆ ಹೊಡೆಯಿತು. ಯಾರೋ ಪೂಜೆಯ ಹಣ್ಣು ಕೊಟ್ಟಿದ್ದರಂತೆ, ನನ್ನ ಹೆಂಡತಿ ಒಳಗೆ ತುರುಕಿದ್ದಳು. ನಿಮ್ಮ ಮನೆಯಲ್ಲಾದರೆ ಇದು ಒಂದು ಸಣ್ಣ ಗೊಣಗಾಟಕ್ಕೆ ಸಾಕಾಗುವ ವಿಷಯ. ನಾನು ಮಾತ್ರ ಬಾಗಿಲು ಹಿಡಿದುಕೊಂಡು, ಆಕೆ ‘ಕರೆಂಟ್ ಬಿಲ್ ನೀವ ಕಟ್ಟಾವ್ರೂ!’ ಎಂದು ಕೂಗುವವರೆಗೆ ನಿಂತೇ ಇದ್ದೆ.

ನಾನು ಸಂಶಯದ ಪ್ರಾಣಿ. ಇದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರಾದರೂ ನನ್ನನ್ನು ನೋಡಿ ನಕ್ಕರೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ನಗದೆ ಹೋದರೆ ಅವರ ಕಿವಿಗೆ ನನ್ನ ಬಗ್ಗೆ ಏನೋ ಬಿದ್ದಿದೆ ಎಂದುಕೊಳ್ಳುತ್ತೇನೆ. ಇಂಥವನು ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಮಸ್ಕತ್ತಿನಲ್ಲಿದ್ದ ಎಂದರೆ ಊಹಿಸಿಕೊಳ್ಳಿ. ಆಗ ಅಲ್ ಹೈಲಿನ ನಮ್ಮ ಓಣಿಯಲ್ಲಿ ಎಲ್ಲರ ಕಣ್ಣೂ ಎಲ್ಲರ ಮೇಲೆ. ರೂವಿ ಪೇಟೆಯ ಅಂಗಡಿಯಲ್ಲಿ ಯಾರಾದರೂ ಸೂಟ್‌ಕೇಸ್ ತೂಗುವ ಕೈತಕ್ಕಡಿ ಕೊಂಡರೆ ಮುಗಿಯಿತು, ಅವರು ಮನೆ ಮುಟ್ಟುವಷ್ಟರಲ್ಲಿ ಅವರ ಸೋಫಾ ಯಾರಿಗೆ, ಮಿಕ್ಸರ್ ಯಾರಿಗೆ ಎಂಬ ಮಾತು ಶುರುವಾಗಿರುತ್ತಿತ್ತು. ನಮ್ಮ ಹಿಂದಿನ ಕೋಣೆಯ ಎರಡನೆಯ ಫ್ರಿಜ್ಜು ಹಾಗೆ ಊರಿಗೆ ಹೊರಟವರಿಂದಲೇ ಬಂದದ್ದು.

ಪಕ್ಕದ ಮನೆಯಲ್ಲಿ ಗುರುನಾಥ ಮತ್ತು ಸಾವಿತ್ರಿ ಇದ್ದರು, ಗದಗಿನ ದಂಪತಿ; ಅವರು ನನಗೆ ಗುರಣ್ಣ, ಆಕೆ ವೈನಿ, ಅಂದರೆ ಅತ್ತಿಗೆ. ಗುರಣ್ಣನೂ ನಾನೂ ಒಂದೇ ಕಂಪನಿಯಲ್ಲಿ, ಒಂದೇ ಕೋಣೆಯಲ್ಲಿ, ಪೈಪ್‌ಲೈನಿನ ನಕ್ಷೆಗಳನ್ನು ತಿದ್ದುವ ಇಬ್ಬರು. ಡಿಸೆಂಬರಿನಲ್ಲಿ ಇಬ್ಬರಲ್ಲಿ ಒಬ್ಬರನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸುತ್ತಾರೆ ಎಂಬುದು ಆಫೀಸಿನ ಚಹಾ ಮಾಡುವವನಿಗೂ ಗೊತ್ತಿತ್ತು. ನನ್ನ ಮಗಳು ಹತ್ತನೆಯ ತರಗತಿ. ನಡುವರ್ಷದಲ್ಲಿ ಅವಳ ಶಾಲೆ ಬಿಡಿಸಬೇಕಾದೀತೆಂದು ನನಗೆ ಊಟ ಸೇರುತ್ತಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದ ನಮ್ಮ ಡಚ್ ಸಾಹೇಬರ ಹೆಂಡತಿ ಸಾವಿತ್ರಿ ವೈನಿಗೆ ಒಂದು ಕಾಗದದ ಚೀಲ ಕೊಟ್ಟರು. ಒಳಗೆ ಇಪ್ಪತ್ತು ಟ್ಯುಲಿಪ್ ಗಡ್ಡೆ. ಅವಕ್ಕೆ ಚಳಿ ಬೇಕಂತೆ. ಒಮಾನಿನಲ್ಲಿ ಚಳಿ ಎಲ್ಲಿಂದ ಬರಬೇಕು? ಹಗಲು ಎಸಿ ಬಂದ್ ಮಾಡಿದರೂ ಬೆವರದ ದಿನವೇ ಅಲ್ಲಿನ ಶರದೃತು. ಅದಕ್ಕೇ ಗಡ್ಡೆಗಳನ್ನು ಎರಡು ತಿಂಗಳ ಮೇಲೆ ಫ್ರಿಜ್ಜಿನಲ್ಲಿಟ್ಟು, ನವೆಂಬರ್ ಕೊನೆಗೆ ನೆಟ್ಟರೆ, ಫೆಬ್ರವರಿಯಲ್ಲಿ ಹೂ. ವೈನಿ ಚೀಲ ಹಿಡಿದು ನಮ್ಮ ಮನೆಗೆ ಬಂದರು.

“ಅಣ್ಣಾರ, ನಿಮ್ಮ ಹಿಂದಿನ ಫ್ರಿಜ್ಜಿನ್ಯಾಗ ಇಡ್ತೀನ್ರಿ. ನಮ್ಮದರಾಗ ಬರೇ ಹಣ್ಣು. ಹಣ್ಣಿನ ಗಾಳಿ ತಾಕಿದ್ರ ಗಡ್ಡಿಯೊಳಗಿನ ಮೊಗ್ಗು ಸಾಯ್ತದಂತ.”

“ಇಡ್ರಿ, ಅದಕೇನು” ಎಂದೆ. ಆಕೆ ಹೋದ ಮೇಲೆ ನನ್ನ ತಲೆ ಕೆಲಸ ಶುರು ಮಾಡಿತು. ಡಿಸೆಂಬರಿನಲ್ಲಿ ಹೊರಡುವವರಿಗೆ ಫೆಬ್ರವರಿಯ ಹೂವನ್ನು ಯಾರು ಕೊಡುತ್ತಾರೆ? ಸಾಹೇಬರ ಮನೆಯಲ್ಲಿ ಮಾತಾಗಿರಬೇಕು. ಉಳಿಯುವವನು ಗುರುನಾಥ; ಹೊರಡುವವನು ನಾನು.

“ಹುಚ್ಚ ಏನ್ರಿ ನಿಮಗ? ಸಾವಿತ್ರಿ, ಸಾಹೇಬರ ಹೆಂಡ್ತಿ ಇಬ್ಬರೂ ಯೋಗಾ ಕ್ಲಾಸಿನ್ಯಾಗ ಕೂಡಿ ಇದ್ದಾರ, ಅದಕ್ಕ ಕೊಟ್ಟಾರ” ಎಂದಳು ಹೆಂಡತಿ. ನಾನು ಒಪ್ಪಲಿಲ್ಲ. ಅಕ್ಟೋಬರಿನಿಂದ ಗುರಣ್ಣ ನನ್ನನ್ನು ಕಂಡರೆ ಫೋನ್ ಇಟ್ಟುಬಿಡುತ್ತಿದ್ದರು. ಕಾಗದವೊಂದನ್ನು ನೋಡುತ್ತಿದ್ದವರು ಡ್ರಾವರಿಗೆ ಸರಿಸಿದ್ದನ್ನೂ ನಾನೇ ಕಂಡೆ. ನನ್ನ ಸಂಶಯಕ್ಕೆ ಇಷ್ಟು ಮೇವು ಹಿಂದೆಂದೂ ಸಿಕ್ಕಿರಲಿಲ್ಲ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ಸಂಜೆ ಚೆನ್ನಾಗಿ ಮಾಗಿದ ಬಾಳೆಹಣ್ಣಿನ ಗೊನೆಯಿಂದ ಒಂದು ಚಿಪ್ಪು ಮುರಿಸಿ ತಂದು, ಗಡ್ಡೆಯ ಚೀಲದ ಪಕ್ಕದಲ್ಲಿಟ್ಟೆ. ಅದು ಕಪ್ಪಾದ ಮೇಲೆ ತೆಗೆದು ಬೇರೆ ಚಿಪ್ಪು ಇಟ್ಟೆ. ಹೀಗೆ ಆರು ವಾರ. ಕೆಲಸವಂತೂ ಅವರಿಗೇ ಉಳಿಯುತ್ತದೆ, ಹೂವಾದರೂ ತಪ್ಪಲಿ ಎಂಬ ಸಣ್ಣತನ, ಬೇರೇನಿಲ್ಲ. ಫ್ರಿಜ್ಜಿನಲ್ಲಿ ಬಾಳೆಹಣ್ಣು ಯಾಕೆಂದು ಹೆಂಡತಿ ಕೇಳಿದಾಗ, ತಣ್ಣಗಿದ್ದರೆ ಹೊಟ್ಟೆಗೆ ಒಳ್ಳೆಯದೆಂದು ಬಾಯಿಗೆ ಬಂದದ್ದು ಹೇಳಿದೆ. ಪಾಪ, ಆಕೆ ನಂಬಿದಳು.

ನವೆಂಬರ್ ಕೊನೆಯ ಶುಕ್ರವಾರ ಬೆಳಿಗ್ಗೆ ವೈನಿ ನಮ್ಮೆರಡು ಮನೆಗಳ ನಡುವಿನ ಗೋಡೆಯ ಬುಡದಲ್ಲಿ ಕುಳಿತು ಗಡ್ಡೆ ನೆಟ್ಟರು. ನರ್ಸರಿಯಿಂದ ತರಿಸಿದ ಮಣ್ಣು ಹರವಿ, ಗೇಣಾಳದ ಕುಣಿ ತೋಡಿ, ಒಂದೊಂದನ್ನೂ ಚೂಪು ತುದಿ ಮೇಲೆ ಮಾಡಿ ಕೂರಿಸಿ, ಮಣ್ಣು ಮುಚ್ಚಿ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. ನಾನು ಪೈಪು ಹಿಡಿದು ನೀರು ಬಿಡುತ್ತಿದ್ದೆ. ಗುರಣ್ಣ ಮೆಟ್ಟಿಲ ಮೇಲೆ ಕುಳಿತು ಹೆಂಡತಿಯನ್ನೇ ನೋಡುತ್ತಿದ್ದರು. ಗೆದ್ದವನ ನೆಮ್ಮದಿ ನೋಡು ಎಂದುಕೊಂಡೆ.

ಹತ್ತು ದಿನದ ಮೇಲೆ ಹೊರಡುವವರ ಪಟ್ಟಿ ಬಂತು. ಅದರಲ್ಲಿದ್ದದ್ದು ಗುರುನಾಥರ ಹೆಸರು.

“ನನಗ ಅಕ್ಟೋಬರ್‌ದಾಗ ಹೇಳಿದ್ರು” ಎಂದರು, ಡ್ರಾವರು ಖಾಲಿ ಮಾಡುತ್ತ. “ಬ್ಯಾರೆ ಕಡೆ ಫೋನ್ ಮಾಡಿ ಮಾಡಿ ಸಾಕಾತು. ಖಲಾಸ್, ಇನ್ನ ಊರ ಗತಿ. ಸಾವಿತ್ರಿಗೆ ಹೇಳಿರಲಿಲ್ಲ. ಆ ಗಡ್ಡಿ ನೋಡಿ ಭಾಳ ಖುಷಿಯಾಗಿದ್ಲು, ನೆಲಕ್ಕ ಹಚ್ಚೂತನಕ ಆ ಖುಷಿ ಇರಲಿ ಅಂತ ಸುಮ್ನಿದ್ದೆ.”

ಅವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ಸಂಶಯಪಟ್ಟದ್ದು ನಿಜವೇ ಆಗಿತ್ತು. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಜನವರಿಯಲ್ಲಿ ಅವರು ಹೊರಟರು. ವಿಮಾನ ನಿಲ್ದಾಣದಲ್ಲಿ ವೈನಿ ಹೇಳಿದ್ದು ಒಂದೇ ಮಾತು: “ನೀರು ಹಾಕ್ರಿ ಅಣ್ಣಾರ, ಹೂ ಬಂದ ಕೂಡ್ಲೇ ಫೋಟೋ ಕಳಸ್ರಿ.” ನಾನು ದಿನವೂ ನೀರು ಹಾಕಿದೆ, ಅಷ್ಟು ಶ್ರದ್ಧೆಯಿಂದ ದೇವರಿಗೂ ಹಾಕಿದವನಲ್ಲ. ಎಲೆ ಬಂದವು, ಅಗಲವಾಗಿ, ಹಸಿರಾಗಿ. ಒಂದರಲ್ಲೂ ಹೂವಿಲ್ಲ. ವೈನಿ ಕೇಳಿದಾಗ ಮೊಬೈಲಿನಲ್ಲಿ ಬರೆದೆ: “ಎಲಿ ಅಷ್ಟ ಬಂದಾವ ವೈನಿ. ಇಲ್ಲಿ ಬಿಸಿಲು ಭಾಳ.” ಬಿಸಿಲಿಗೆ ಬಾಯಿಲ್ಲವಲ್ಲ.

ಇದಾಗಿ ಒಂಬತ್ತು ವರ್ಷ. ನಾವೂ ಈಗ ಹುಬ್ಬಳ್ಳಿಗೆ ಬಂದಿದ್ದೇವೆ. ಗದಗ ಎಷ್ಟು ದೂರ? ಆದರೂ ಒಂದಲ್ಲ ಒಂದು ನೆಪ ಹೇಳಿ ಅವರ ಮನೆಗೆ ಹೋಗುವುದನ್ನು ತಪ್ಪಿಸುತ್ತ ಬಂದಿದ್ದೆ. ನಿನ್ನೆಯ ಆ ವಾಸನೆಯ ನಂತರ ತಪ್ಪಿಸಲಾಗಲಿಲ್ಲ. ಇವತ್ತು ಬೆಳಿಗ್ಗೆ ಬಸ್ಸು ಹತ್ತಿದೆ.

ವೈನಿ ಸಂಭ್ರಮದಿಂದ ಮನೆ ತೋರಿಸಿದರು. ಹಿತ್ತಲು ದೊಡ್ಡದು, ಆದರೆ ಗೋಡೆಯಿಂದ ಗೋಡೆಗೆ ಫರಸಿ ಕಲ್ಲು ಹಾಸಿತ್ತು. ಒಂದು ಕುಂಡವೂ ಇರಲಿಲ್ಲ. “ಗಿಡಾ ಏನೂ ಹಚ್ಚಿಲ್ಲೇನ್ರಿ?” ಎಂದು ಕೇಳಿದೆ.

“ನನ್ನ ಕೈಗುಣ ಛಲೋ ಇಲ್ರಿ ಅಣ್ಣಾರ” ಎಂದು ನಕ್ಕರು. “ಮಸ್ಕತ್‌ದಾಗ ನೋಡಿದ್ರೆಲ್ಲ. ಇಪ್ಪತ್ತು ಗಡ್ಡಿ ಹಚ್ಚಿದೆ, ಒಂದೂ ಹೂ ಬಿಡಲಿಲ್ಲ. ತುಳಸಿ ಸೈತ ಸೊಸಿ ಕೈಲೆ ಹಚ್ಚಸೀನಿ, ಮುಂದಿನ ಬಾಗಲಕ್ಕ.”

ಗುರಣ್ಣನ ಎದುರಿಗೇ ಎಲ್ಲವನ್ನೂ ಹೇಳಿದೆ, ಬಾಳೆಹಣ್ಣು, ಆರು ವಾರ, ಯಾವುದನ್ನೂ ಬಿಡದೆ.

ವೈನಿಯ ನಗು ಹೋಯಿತು. “ಬೇಕಂತನ ಇಟ್ರಿ?”

“ಹೌದ್ರಿ. ಬೇಕಂತನ.”

“ಹೇಳಾಕ ಒಂಬತ್ತು ವರ್ಷ ಬೇಕಾತ್ರಿ ನಿಮಗ?”

ಗುರಣ್ಣ ನೆಲ ನೋಡುತ್ತ ನಿಂತರು. ಒಲೆಯ ಮೇಲಿದ್ದ ಚಹಾ ಉಕ್ಕಿದ ಸದ್ದು ಕೇಳಿಸಿತು, ಯಾರೂ ಹೋಗಲಿಲ್ಲ. ವೈನಿ ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆ ತಿರುಗಿಯೂ ನೋಡದೆ, ಗಂಡನಿಗೆ ಹೇಳಿದರು:

“ರೀ, ಕಬ್ಬಿಣದ ಹಾರಿ ತಗೊಂಡು ಬರ್ರಿ. ಈ ಫರಸಿ ಎಬ್ಬಸೂಣು.”